‘ಮಾವ’ ಎಂದರೆ ಯಾರು? : ಒಂದು ಬಂಧುವಾಚಕದ ಅರ್ಥ ಮತ್ತು ನಿಘಂಟಿನ ಹೊಣೆ

ಬಂಧುವಾಚಕಗಳನ್ನು ಕುರಿತು ಕನ್ನಡದಲ್ಲಿ ನಡೆಯುವ ಚರ್ಚೆಗಳಲ್ಲಿ ಎರಡು ಬಗೆಯ ಅವಸರಗಳು ಕಾಣಸಿಗುತ್ತವೆ. ಎರಡು ದೂರದ ಭಾಷೆಗಳಲ್ಲಿ ಒಂದೇ ಧ್ವನಿರೂಪದ ಪದ ಕಂಡೊಡನೆ ಆ ಭಾಷೆಗಳಿಗೆ ನಂಟು ಕಟ್ಟಿಬಿಡುವುದು ಮೊದಲನೆಯದು. ಕನ್ನಡದ ಒಂದು ಪದವನ್ನು ಇನ್ನೊಂದು ಭಾಷೆಗೆ ತರಲು ಎರಡು ಮೂರು ಪದಗಳು ಬೇಕಾದಾಗ, ಕನ್ನಡದಲ್ಲಿಯೇ ಆ ಪದಕ್ಕೆ ಎರಡು ಮೂರು ಅರ್ಥಗಳಿವೆಯೆಂದು ಎಣಿಸಿಬಿಡುವುದು ಎರಡನೆಯದು. ಮೊದಲನೆಯ ಅವಸರ ಹವ್ಯಾಸಿಗಳದು, ಅದನ್ನು ವಿದ್ವಾಂಸರು ಆಗಾಗ ತಿದ್ದುತ್ತ ಬಂದಿದ್ದಾರೆ. ಎರಡನೆಯದು ವಿದ್ವಾಂಸರದೇ, ಅದು ನಿಘಂಟುಗಳಲ್ಲಿ, ಪಠ್ಯಪುಸ್ತಕಗಳ ಪದಾರ್ಥಕೋಶಗಳಲ್ಲಿ, ಅನುವಾದಗಳಲ್ಲಿ ಸದ್ದಿಲ್ಲದೆ ನೆಲೆಸಿರುವುದರಿಂದ ಹೆಚ್ಚು ಪರಿಶೀಲನೆಗೆ ಒಳಗಾಗಿಲ್ಲ. ಎರಡೇ ಅಕ್ಷರಗಳ ‘ಮಾಮ’ ಎಂಬ ಪದ, ಮತ್ತು ಅದರ ಕನ್ನಡ ರೂಪವಾದ ‘ಮಾವ’, ಈ ಎರಡೂ ಅವಸರಗಳನ್ನು ಒಟ್ಟಿಗೆ ಪರೀಕ್ಷಿಸಲು ತಕ್ಕ ನಿದರ್ಶನವಾಗಿದೆ.

ಪದದ ಧ್ವನಿರೂಪದಿಂದಲೇ ಆರಂಭಿಸಬಹುದು. ಚೀನೀ ಭಾಷೆಯಲ್ಲಿ ‘ಮಾಮಾ’ ಎಂದರೆ ತಾಯಿ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿಯೂ ತಾಯಿ. ಯುರೋಪಿನ ಹಲವು ಭಾಷೆಗಳ ಮಕ್ಕಳ ಮಾತಿನಲ್ಲಿಯೂ ಅದೇ ಅರ್ಥ. ಹಿಂದಿಯಲ್ಲಿ ತಾಯಿಯ ಸೋದರ. ಕಾಕಸಸ್ ಪ್ರದೇಶದ ಜಾರ್ಜಿಯನ್ ಭಾಷೆಗೆ ಬಂದರೆ ‘ಮಾಮಾ’ ತಂದೆಯಾಗುತ್ತಾನೆ. ಅಲ್ಲಿ ತಾಯಿ ‘ಡೆಡಾ’. ಇಯಾಕೋಬ್ ಗೋಗೆಬಾಷ್ವಿಲಿ ೧೮೭೬ರಲ್ಲಿ ಪ್ರಕಟಿಸಿದ ಪ್ರಸಿದ್ಧ ಬಾಲಬೋಧೆಯ ಹೆಸರು ‘ಡೆಡಾ ಎನಾ’, ಅಂದರೆ ತಾಯ್ನುಡಿ. ಆಸ್ಟ್ರೇಲಿಯದ ಮರುಭೂಮಿ ಪ್ರದೇಶದ ಪಿತ್ಯಂತ್ಯಾತ್ಯರಾ ಭಾಷೆಯಲ್ಲಿಯೂ ‘ಮಾಮಾ’ ತಂದೆಯೇ. ಇಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಕರಾವಳಿಯ ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಘಟ್ಟದ ಮೇಲಿನ ಕನ್ನಡಿಗನ ಕಿವಿಗೆ ಇದು ಅದಲುಬದಲಾದಂತೆ ಕೇಳಿಸುವುದು ಸಹಜ. ತುಳುವರ ಕಿವಿಗೆ ಕನ್ನಡ ಅದಲುಬದಲಾಗಿ ಕೇಳಿಸಬೇಕೆಂಬುದನ್ನೂ ಮರೆಯಬಾರದು.

ಇಂತಹ ಸಾಮ್ಯ ವೈಷಮ್ಯಗಳಿಗೆ ರೋಮನ್ ಯಾಕಬ್ಸನ್ ೧೯೬೦ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಕೊಟ್ಟ ವಿವರಣೆ ಭಾಷಾವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ಜಗತ್ತಿನ ಹಲವು ಭಾಷೆಗಳಿಂದ ಕಲೆಹಾಕಿದ ತಾಯಿತಂದೆಯರ ಹೆಸರುಗಳು ೧,೦೭೨. ಅವುಗಳಲ್ಲಿ ತಾಯಿಯನ್ನು ಸೂಚಿಸುವ ಪದಗಳ ಪೈಕಿ ಶೇಕಡ ೫೫ರಲ್ಲಿ ಅನುನಾಸಿಕ ವ್ಯಂಜನಗಳಿದ್ದರೆ, ತಂದೆಯನ್ನು ಸೂಚಿಸುವವುಗಳಲ್ಲಿ ಅಂಥವು ಶೇಕಡ ೧೫ ಮಾತ್ರ. ಮಗು ಮೊಲೆಯುಣ್ಣುವಾಗ ತುಟಿ ಮುಚ್ಚಿಯೇ ಇರುವುದರಿಂದ ಅದು ಹೊರಡಿಸಬಲ್ಲ ದನಿ ಮೂಗಿನ ಗುನುಗು. ಆ ಗುನುಗೇ ಬರಬರುತ್ತ ಆಹಾರದ, ಆಹಾರ ಕೊಡುವವಳ ಹೆಸರಾಗುತ್ತದೆ ಎಂಬುದು ಯಾಕಬ್ಸನ್ನರ ವಾದದ ತಿರುಳು. ಆದುದರಿಂದ ‘ಮಾಮ’ದಂತಹ ಪದಗಳ ಸಾಮ್ಯ ಭಾಷೆಗಳ ರಕ್ತಸಂಬಂಧಕ್ಕೆ ಸಾಕ್ಷಿಯಾಗಲಾರದು, ಅದು ಎಲ್ಲ ಮಕ್ಕಳ ಬಾಯಿಯ ಸಾಮ್ಯ. ಹವ್ಯಾಸಿ ವ್ಯುತ್ಪತ್ತಿಕಾರರು ಬಂಧುವಾಚಕಗಳನ್ನು ಆಧಾರವಾಗಿಟ್ಟುಕೊಂಡು ದ್ರಾವಿಡಕ್ಕೂ ದೂರದೇಶದ ಭಾಷೆಗಳಿಗೂ ಕೊಂಡಿ ಹಾಕುವಾಗ ಎಡವುವುದು ಇಲ್ಲಿಯೇ.

ಆದರೆ ಯಾಕಬ್ಸನ್ನರ ವಿವರಣೆ ಒಂದು ಹಂತದವರೆಗೆ ಮಾತ್ರ ನೆರವಿಗೆ ಬರುತ್ತದೆ. ಶಿಶುವಿನ ಬಾಯಿ ಕೊಡುವುದು ಪದದ ಚಿಪ್ಪನ್ನು. ಆ ಚಿಪ್ಪಿನೊಳಗೆ ಯಾರನ್ನು ಇರಿಸಬೇಕೆಂಬುದನ್ನು ಹಿರಿಯರು ತೀರ್ಮಾನಿಸುತ್ತಾರೆ. ಜಪಾನೀ ಭಾಷೆಯ ‘ಹಹ’ ಎಂಬ ತಾಯಿಯ ಹೆಸರು ಪ್ರಾಚೀನ ಜಪಾನೀಯ ‘ಪಪ’ ಎಂಬ ರೂಪದಿಂದ ಬಂದುದು ಎಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ತಾಯಿ, ತಂದೆ ಎಂಬ ಎರಡೇ ಸ್ಥಾನಗಳಿರುವಲ್ಲಿ ತೀರ್ಮಾನ ಸರಳ: ಒಂದೋ ಅವಳು, ಇಲ್ಲವೇ ಅವನು. ಆದರೆ ತಾಯಿಯ ಸೋದರನ ಸ್ಥಾನಕ್ಕೆ ಬಂದಾಗ ಇಡೀ ಸಮಾಜದ ಮದುವೆಯ ಕಟ್ಟಳೆಯೇ ಆ ಎರಡಕ್ಷರದೊಳಗೆ ಬಂದು ಕೂರುತ್ತದೆ. ಭಾರತದ ಭಾಷೆಗಳಲ್ಲಿ ಈ ಪದದ ನಿಜವಾದ ಕಥೆ ಆರಂಭವಾಗುವುದು ಅಲ್ಲಿಂದ.

ಹಿಂದಿಯ ‘ಮಾಮಾ’ ತಾಯಿಯ ಸೋದರ, ಅಷ್ಟೆ. ಗಂಡನ ಅಥವಾ ಹೆಂಡತಿಯ ತಂದೆ ಅಲ್ಲಿ ‘ಸಸುರ್’. ತಂದೆಯ ಸೋದರಿಯ ಗಂಡ ‘ಫೂಫಾ’. ಮೂರು ಸ್ಥಾನಗಳು, ಮೂರು ಪದಗಳು. ಸಂಸ್ಕೃತದಲ್ಲಿಯೂ ಮಾತುಲ ಬೇರೆ, ಶ್ವಶುರ ಬೇರೆ. ಕನ್ನಡದಲ್ಲಿ ತಾಯಿಯ ಅಣ್ಣ ಮಾವ, ತಮ್ಮನೂ ಮಾವ. ತಂದೆಯ ಅಕ್ಕತಂಗಿಯರ ಗಂಡಂದಿರು ಮಾವಂದಿರು. ಹೆಂಡತಿಯ ತಂದೆ ಮಾವ, ಗಂಡನ ತಂದೆಯೂ ಮಾವ. ತಮಿಳಿನ ‘ಮಾಮನ್’, ತೆಲುಗಿನ ‘ಮಾಮ’ ಇವುಗಳ ವ್ಯಾಪ್ತಿಯೂ ಹೆಚ್ಚುಕಡಿಮೆ ಇಷ್ಟೇ ಇದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಈ ರೂಪಗಳನ್ನು ಒಂದೇ ಕಡೆ ಸೇರಿಸಿದೆ. ತಾಯಿಯ ಸೋದರನನ್ನೇ ಖಚಿತವಾಗಿ ಹೇಳಬೇಕಾದಾಗ ಪ್ರತಿಯೊಂದು ಭಾಷೆಯೂ ಒಂದೊಂದು ವಿಶೇಷಣವನ್ನು ಅಂಟಿಸಿಕೊಂಡಿರುವುದು ಗಮನಾರ್ಹ: ಕನ್ನಡದಲ್ಲಿ ‘ಸೋದರಮಾವ’, ತಮಿಳಿನಲ್ಲಿ ‘ತಾಯ್‌ಮಾಮನ್’, ತೆಲುಗಿನಲ್ಲಿ ‘ಮೇನಮಾಮ’. ವಿಶೇಷಣ ಬೇಕಾಯಿತು ಎಂಬುದೇ ಬರಿಯ ಪದ ತಾಯಿಯ ಸೋದರನಿಗೆ ಮೀಸಲಾಗಿರಲಿಲ್ಲ ಎಂಬುದಕ್ಕೆ ಆಧಾರ. ಹಿಂದಿಗೆ ಇಂತಹ ವಿಶೇಷಣದ ಹಂಗಿಲ್ಲ.

ಇಲ್ಲಿ ನಿಘಂಟಿನ ಪ್ರಶ್ನೆ ಏಳುತ್ತದೆ. ದ್ವಿಭಾಷಾ ನಿಘಂಟುಗಳು ‘ಮಾವ’ ಎಂಬ ಉಲ್ಲೇಖದ ಎದುರಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿ ಅರ್ಥಗಳನ್ನು ಜೋಡಿಸುತ್ತವೆ. ಅನ್ಯಭಾಷೆಯ ಓದುಗನಿಗೆ ಅದು ಅನುಕೂಲ, ತಪ್ಪೆನ್ನಲಾಗದು. ಆದರೆ ಕನ್ನಡದಿಂದ ಕನ್ನಡಕ್ಕೇ ಅರ್ಥ ಹೇಳುವಾಗಲೂ ಅದೇ ಸಂಖ್ಯಾಕ್ರಮವನ್ನು ಅನುಸರಿಸಿದರೆ, ಕನ್ನಡದ ಒಂದು ಪದದ ಅರ್ಥವನ್ನು ಇಂಗ್ಲಿಷಿನ ಅಥವಾ ಸಂಸ್ಕೃತದ ಮನೆಯ ಕೋಣೆಗಳಿಗೆ ತಕ್ಕಂತೆ ಕತ್ತರಿಸಿದಂತಾಗುತ್ತದೆ. ‘ಕಣ್ಣು’ ಎಂಬ ಪದಕ್ಕೆ ನೇತ್ರ, ನವಿಲುಗರಿಯ ಕಣ್ಣು, ತೆಂಗಿನಕಾಯಿಯ ಕಣ್ಣು ಎಂದು ಬೇರೆ ಬೇರೆ ಅರ್ಥಗಳನ್ನು ಕೊಡುವುದು ಸರಿ. ಅಲ್ಲಿ ಒಂದು ಮೂಲಾರ್ಥವಿದೆ, ಉಳಿದವು ಸಾದೃಶ್ಯದಿಂದ ಬಂದವು. ‘ಮಾವ’ ಪದದಲ್ಲಿ ಹಾಗೆ ಮೂಲಾರ್ಥ ಯಾವುದು, ಲಕ್ಷ್ಯಾರ್ಥ ಯಾವುದು? ತಾಯಿಯ ತಮ್ಮ ಮೂಲವೋ, ಹೆಂಡತಿಯ ತಂದೆ ಮೂಲವೋ? ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಪ್ರಶ್ನೆಯೇ ಕನ್ನಡದ್ದಲ್ಲ.

ಕನ್ನಡದ ನಂಟಿನ ಪದಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಇದು ತಿಳಿಯಾಗುತ್ತದೆ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ತಾಯಿಯ ಅಕ್ಕನ ಗಂಡನೂ ದೊಡ್ಡಪ್ಪ, ತಂಗಿಯ ಗಂಡನೂ ಚಿಕ್ಕಪ್ಪ. ಅಂದರೆ ಇವರೆಲ್ಲ ಒಂದಲ್ಲ ಒಂದು ಬಗೆಯ ‘ಅಪ್ಪ’ಂದಿರು. ಅವರ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರು, ಅವರಲ್ಲಿ ಮದುವೆಯ ಮಾತಿಲ್ಲ. ಹೆತ್ತವರ ತಲೆಮಾರಿನ ಉಳಿದ ಗಂಡಸರು ‘ಮಾವ’ಂದಿರು. ಅವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿಯರು. ಅವರಲ್ಲಿ ಮದುವೆ ಸಲ್ಲುತ್ತದೆ. ಸೋದರಿಕೆಯ ಮದುವೆ ನಡೆಯುವ ಮನೆತನದಲ್ಲಿ ತಾಯಿಯ ಸೋದರನೂ ಹೆಂಡತಿಯ ತಂದೆಯೂ ಒಬ್ಬನೇ ವ್ಯಕ್ತಿಯಾಗಿರುತ್ತಾನೆ. ಹೀಗಾಗಿ ‘ಮಾವ’ನ ಅರ್ಥ ಒಂದೇ: ತಂದೆಯ ತಲೆಮಾರಿನಲ್ಲಿ, ಹೆಣ್ಣು ಕೊಟ್ಟು ತರುವ ಬದಿಯವನು. ಅತ್ತೆ, ಅಳಿಯ, ಸೊಸೆ ಎಂಬ ಪದಗಳೂ ಇದೇ ಅಚ್ಚಿನವು. ಅಕ್ಕನ ಮಗ ಅಳಿಯ, ಮಗಳ ಗಂಡನೂ ಅಳಿಯ. ಲೂಯಿ ದ್ಯುಮೋ ೧೯೫೩ರಲ್ಲಿ ದ್ರಾವಿಡ ಬಂಧುವಾಚಕಗಳು ವಿವಾಹ ಸಂಬಂಧದ ಅಭಿವ್ಯಕ್ತಿಗಳೆಂದು ವಾದಿಸಿದುದು ಈ ನೆಲೆಯಲ್ಲಿಯೇ. ಅದೇ ವರ್ಷ ಇರಾವತಿ ಕರ್ವೆಯವರ ಭಾರತೀಯ ಬಂಧುತ್ವ ವ್ಯವಸ್ಥೆಯ ಗ್ರಂಥವೂ ಹೊರಬಂದಿತು. ೧೯೮೧ರಲ್ಲಿ ಥಾಮಸ್ ಟ್ರಾಟ್‌ಮನ್ ಈ ವ್ಯವಸ್ಥೆಯ ಚರಿತ್ರೆಯನ್ನು ವಿಸ್ತಾರವಾಗಿ ಬರೆದರು. ಇವೆಲ್ಲಕ್ಕೂ ಹಿಂದೆ, ೧೮೭೧ರಷ್ಟು ಹಿಂದೆಯೇ, ಲೂಯಿಸ್ ಹೆನ್ರಿ ಮಾರ್ಗನ್ ತಮಿಳು, ತೆಲುಗುಗಳೊಡನೆ ಕನ್ನಡದ ಬಂಧುವಾಚಕಗಳನ್ನೂ ತಮ್ಮ ಕೋಷ್ಟಕಗಳಲ್ಲಿ ಸೇರಿಸಿದ್ದರು. ಮಾನವಶಾಸ್ತ್ರದ ಈ ನೂರೈವತ್ತು ವರ್ಷಗಳ ತಿಳಿವಳಿಕೆ ಕನ್ನಡ ನಿಘಂಟುರಚನೆಯ ಬಾಗಿಲನ್ನು ಅಷ್ಟಾಗಿ ತಟ್ಟದಿರುವುದು ವಿಷಾದನೀಯ.

ಇದು ಭಾಷಾಕುಟುಂಬದ ವಿಷಯವೆಂದು ತಿಳಿದು ಸುಮ್ಮನಾಗುವಂತಿಲ್ಲ. ಸಿಂಹಳ ಭಾಷೆ ಹಿಂದಿಯಂತೆಯೇ ಇಂಡೋ-ಆರ್ಯನ್ ಕುಟುಂಬಕ್ಕೆ ಸೇರಿದುದು. ಅಲ್ಲಿಯೂ ಪದ ‘ಮಾಮಾ’. ಆದರೆ ಆ ಪದದ ಅರ್ಥ ಹಿಂದಿಯದಲ್ಲ. ತಾಯಿಯ ಸೋದರ, ತಂದೆಯ ಸೋದರಿಯ ಗಂಡ, ಹೆಂಡತಿಯ ತಂದೆ ಎಲ್ಲರನ್ನೂ ಅದು ಒಳಗೊಳ್ಳುತ್ತದೆ. ಪದ ಒಂದು ಕುಟುಂಬದ್ದು, ಅರ್ಥವ್ಯವಸ್ಥೆ ನೆರೆಮನೆಯದು. ಕನ್ನಡಕ್ಕೆ ಇನ್ನೂ ಸಮೀಪದ ಸಾಕ್ಷ್ಯ ಮರಾಠಿಯದು. ಮರಾಠಿಯಲ್ಲಿ ಗಂಡನ ತಂದೆಯನ್ನು ಕುರಿತು ಹೇಳುವಾಗ ‘ಸಾಸರಾ’ ಎನ್ನುತ್ತಾರೆ, ಅದು ಶ್ವಶುರದ ತದ್ಭವ. ಆದರೆ ಸೊಸೆ ಅವನನ್ನು ಎದುರಿಗೆ ಕರೆಯುವ ಸಾಂಪ್ರದಾಯಿಕ ರೂಪ ‘ಮಾಮಂಜಿ’; ಅತ್ತೆಯನ್ನು ಕರೆಯುವುದು ‘ಆತ್ಯಾಬಾಯಿ’ ಎಂದು, ಆತ್ಯಾ ಎಂದರೆ ತಂದೆಯ ಸೋದರಿ. ಉಲ್ಲೇಖಿಸುವಾಗ ಉತ್ತರದ ಪದ್ಧತಿ, ಸಂಬೋಧಿಸುವಾಗ ದಕ್ಷಿಣದ ಪದ್ಧತಿ! ಮಹಾರಾಷ್ಟ್ರದ ಹಲವು ಸಮುದಾಯಗಳಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿಯಿದೆ ಎಂಬುದರ ಹಿನ್ನೆಲೆಯಲ್ಲಿ ಈ ಇಬ್ಬಗೆ ಅಚ್ಚರಿಯದಲ್ಲ. ಕನ್ನಡ ಮರಾಠಿಗಳ ಸಂಬಂಧವನ್ನು ಸಾಲಪದಗಳ ಪಟ್ಟಿಯಲ್ಲಿ ಮಾತ್ರ ಹುಡುಕುವ ಸಂಶೋಧನೆಗಳು ಸಾಲವಾಗಿ ಬಾರದ, ಅರ್ಥವಾಗಿ ಮಾತ್ರ ಬಂದ ಇಂತಹ ಸಂಗತಿಗಳನ್ನು ಕಾಣದೆ ಹೋಗುತ್ತವೆ.

ಮಲೆಯಾಳದಲ್ಲಿ ತಾಯಿಯ ಸೋದರ ‘ಅಮ್ಮಾವನ್’. ಈ ವ್ಯತ್ಯಾಸವನ್ನು ಮಕ್ಕಳ ಪತ್ರಿಕೆಯೊಂದರ ಹೆಸರಿನಲ್ಲಿಯೇ ಓದಬಹುದು. ೧೯೪೭ರಲ್ಲಿ ಮದರಾಸಿನಿಂದ ತೆಲುಗಿನಲ್ಲಿ ‘ಚಂದಮಾಮ’ ಎಂದೂ ತಮಿಳಿನಲ್ಲಿ ‘ಅಂಬುಲಿಮಾಮಾ’ ಎಂದೂ ಆರಂಭವಾದ ಪತ್ರಿಕೆ ೧೯೪೯ರಲ್ಲಿ ಕನ್ನಡಕ್ಕೆ ‘ಚಂದಮಾಮ’ನಾಗಿಯೇ ಬಂದಿತು. ಒಡಿಯಾದಲ್ಲಿ ಅದು ‘ಜಹ್ನಮಾಮು’, ಮಲೆಯಾಳದಲ್ಲಿ ‘ಅಂಬಿಳಿ ಅಮ್ಮಾವನ್’, ಮರಾಠಿಯಲ್ಲಿ ಮಾತ್ರ ‘ಚಾಂದೋಬಾ’. ಕನ್ನಡದ ಹೆಸರಿನಲ್ಲಿ ‘ಮಾವ’ ಬಾರದೆ ‘ಮಾಮ’ ಬಂದುದು ತೆಲುಗಿನ ಪ್ರಭಾವವಿರಬಹುದು. ಆದರೆ ‘ಚಂದಮಾವ’ ಎಂದಿದ್ದರೆ ಕನ್ನಡದ ಕಿವಿಗೆ ಅಷ್ಟು ಒಗ್ಗುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು. ಲಕ್ಷ್ಮಿಯೂ ಚಂದ್ರನೂ ಒಂದೇ ಕಡಲಿನಲ್ಲಿ ಹುಟ್ಟಿದವರಾದ್ದರಿಂದ, ತಾಯಿ ಲಕ್ಷ್ಮಿಯ ಸೋದರ ಮಕ್ಕಳಿಗೆ ಮಾಮ ಎಂಬುದು ಲೋಕರೂಢಿಯ ವಿವರಣೆ. ಉತ್ತರದಲ್ಲಿಯೂ ಚಂದ್ರ ‘ಮಾಮಾ’ನೇ. ಮುದ್ದಿನ ಈ ಬಳಕೆಯಲ್ಲಿ ಉತ್ತರ ದಕ್ಷಿಣಗಳು ಒಂದಾಗುತ್ತವೆ.

ಗೇಲಿಯ ಬಳಕೆಗೆ ಬಂದಾಗ ಮತ್ತೆ ಬೇರೆಯಾಗುತ್ತವೆ. ಸೆರೆಮನೆಗೆ ಕನ್ನಡದ ವ್ಯಂಗ್ಯದ ಹೆಸರು ‘ಮಾವನ ಮನೆ’. ಹಿಂದಿಯಲ್ಲಿ ಅದು ‘ಸಸುರಾಲ್’. ತಮಿಳಿನಲ್ಲಿ ‘ಮಾಮಿಯಾರ್ ವೀಡು’, ಅತ್ತೆಯ ಮನೆ. ಕೆಲಸವಿಲ್ಲದೆ ಕೂತು ಉಣ್ಣುವ ಅಳಿಯನ ಚಿತ್ರ ಮೂರು ಕಡೆಯೂ ಒಂದೇ, ಆದರೆ ಹಿಂದಿಯವನು ಅದನ್ನು ‘ಮಾಮಾ’ನ ಮನೆಯೆನ್ನಲಾರ. ಬೆಂಗಳೂರಿನ ಬೀದಿಮಾತಿನಲ್ಲಿ ಸಂಚಾರಿ ಪೊಲೀಸನೂ ‘ಮಾಮ’ನಾಗಿರುವುದನ್ನು ನಿಘಂಟುಕಾರರು ಕೈಬಿಡಬಾರದು.

ಪದಗಳ ಈ ಭೇದ ಕೇವಲ ಪದಗಳಲ್ಲಿ ನಿಲ್ಲಲಿಲ್ಲ ಎಂಬುದಕ್ಕೆ ಶಾಸ್ತ್ರಗ್ರಂಥಗಳೇ ಸಾಕ್ಷಿ. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದನ್ನು ಬೌಧಾಯನ ಧರ್ಮಸೂತ್ರ ದಾಕ್ಷಿಣಾತ್ಯರ ವಿಶೇಷ ಆಚಾರಗಳಲ್ಲಿ ಎಣಿಸುತ್ತದೆ. ಮಹಾಭಾರತದಲ್ಲಿ ಕುಂತಿಯ ಸೋದರ ವಸುದೇವ. ಅವನ ಮಗಳು ಸುಭದ್ರೆ ಅರ್ಜುನನ ಹೆಂಡತಿ. ಸೋದರಿಕೆಯ ಮದುವೆಯನ್ನು ಒಪ್ಪದ ಕುಮಾರಿಲ ಭಟ್ಟನಿಗೆ ಇದು ತೊಡಕಾಗಿ, ಸುಭದ್ರೆ ಕೃಷ್ಣನ ಸಾಕ್ಷಾತ್ ತಂಗಿಯಲ್ಲವೆಂಬ ಸಮಾಧಾನವನ್ನು ಅವನು ತಂತ್ರವಾರ್ತಿಕದಲ್ಲಿ ಹುಡುಕಬೇಕಾಯಿತು. ಪಂಪನ, ಕುಮಾರವ್ಯಾಸನ ಕನ್ನಡ ಓದುಗನಿಗೆ ಇಂತಹ ಸಮಾಧಾನ ಬೇಕಾಗಲೇ ಇಲ್ಲ. ಅರ್ಜುನನಿಗೆ ವಸುದೇವ ಮದುವೆಗೆ ಮುನ್ನವೂ ಮಾವ, ಮದುವೆಯ ಬಳಿಕವೂ ಮಾವ; ಕೃಷ್ಣ ಮುನ್ನವೂ ಭಾವ, ಬಳಿಕವೂ ಭಾವ. ಸಂಸ್ಕೃತದಲ್ಲಿ ಮಾತುಲನು ಶ್ವಶುರನಾಗುವ ಒಂದು ಘಟನೆಯಿದೆ. ಕನ್ನಡದಲ್ಲಿ ಆ ಘಟನೆಯೇ ಇಲ್ಲ. ಕನ್ನಡ ಭಾರತಗಳ ತೌಲನಿಕ ಅಧ್ಯಯನದಲ್ಲಿ ಕಥಾಂತರಗಳನ್ನು, ಪಾತ್ರಚಿತ್ರಣವನ್ನು ಗುರುತಿಸಿದಷ್ಟು ಆಸ್ಥೆಯಿಂದ ಈ ಮೌನವನ್ನು ಗುರುತಿಸಿಲ್ಲ. ಕವಿ ಏನನ್ನೂ ಬದಲಿಸದಿದ್ದರೂ ಭಾಷೆಯೇ ಬದಲಿಸಿರುವ ಸಂಗತಿ ಅದು. ಆಧುನಿಕ ಕಾನೂನೂ ಇದೇ ಗಡಿಯ ಮೇಲೆ ನಿಂತಿದೆ: ೧೯೫೫ರ ಹಿಂದೂ ವಿವಾಹ ಕಾಯ್ದೆ ಸೋದರ ಸೋದರಿಯರ ಮಕ್ಕಳ ಮದುವೆಯನ್ನೂ, ಮಾವ ಸೊಸೆಯರ ಮದುವೆಯನ್ನೂ ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿ, ಉಭಯರ ರೂಢಿ ಒಪ್ಪುವಲ್ಲಿ ವಿನಾಯಿತಿ ಕೊಟ್ಟಿದೆ. ಈಗಷ್ಟೇ ಬಳಸಿದ ‘ಮಾವ ಸೊಸೆ’ ಎಂಬ ಮಾತನ್ನು ವಿವರಣೆಯಿಲ್ಲದೆ ಓದಿದ ಕನ್ನಡಿಗನಿಗೆ ಗಂಡನ ತಂದೆ ಮತ್ತು ಮಗನ ಹೆಂಡತಿ ನೆನಪಾದರೆ ತಪ್ಪು ಅವನದಲ್ಲ. ಕಾಯ್ದೆ ಇಲ್ಲಿ ಹೇಳುತ್ತಿರುವುದು ಸೋದರಮಾವ ಮತ್ತು ಅವನ ಅಕ್ಕತಂಗಿಯರ ಮಗಳ ವಿಚಾರ. ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯಿರುವೆಡೆ ಹೆಣ್ಣಿಗೆ ಮಾವನೇ ಗಂಡನಾಗುತ್ತಾನೆ. ತಮಿಳು ನಾಡಿನ ಹಳ್ಳಿಗಳಲ್ಲಿ ಗಂಡನನ್ನು ‘ಮಾಮಾ’ ಎಂದು ಕರೆಯುವುದಕ್ಕೂ ಕನ್ನಡದ ಜನಪದ ಹಾಡುಗಳ ನಲ್ಲ ‘ಮಾವ’ನಾಗಿರುವುದಕ್ಕೂ ಬೇರೆ ಕಾರಣ ಹುಡುಕಬೇಕಿಲ್ಲ.

ಅನುವಾದದಲ್ಲಿ ಈ ತೊಡಕು ಎರಡೂ ದಿಕ್ಕಿನಲ್ಲಿ ಕಾಣುತ್ತದೆ. ಇಂಗ್ಲಿಷಿನ ‘ಅಂಕಲ್’ ಕನ್ನಡಕ್ಕೆ ಬರುವಾಗ ಅನುವಾದಕ ಮೊದಲು ವಂಶವೃಕ್ಷ ಬರೆದುಕೊಳ್ಳಬೇಕು. ‘ಹ್ಯಾಮ್ಲೆಟ್’ ನಾಟಕದಲ್ಲಿ ಕ್ಲಾಡಿಯಸ್ ತಂದೆಯ ತಮ್ಮನಾದ್ದರಿಂದ ಅವನು ಚಿಕ್ಕಪ್ಪ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಯಿಯನ್ನು ಮದುವೆಯಾದ ಅವನನ್ನು ತಂದೆಯ ಪದದೊಡನೆ ಜೋಡಿಸಿ ರಾಜಕುಮಾರ ಆಡುವ ಕೊಂಕು ಕನ್ನಡದಲ್ಲಿ ಮೊನೆ ಕಳೆದುಕೊಳ್ಳುತ್ತದೆ. ಕನ್ನಡದ ಚಿಕ್ಕಪ್ಪ ಹುಟ್ಟಿನಿಂದಲೇ ಒಬ್ಬ ‘ಅಪ್ಪ’. ಜೋಡಿಸಬೇಕಾದುದನ್ನು ಭಾಷೆ ಮೊದಲೇ ಜೋಡಿಸಿಟ್ಟಿದೆ. ಪದ ಸಿಕ್ಕಿತು, ವ್ಯಂಗ್ಯ ಹೋಯಿತು. ಇದನ್ನು ಅನುವಾದಕನ ಸೋಲೆಂದು ವಿಮರ್ಶಿಸುವ ಮೊದಲು ಎರಡು ಭಾಷೆಗಳ ನಂಟಿನ ನಕ್ಷೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಸೋದರಿಕೆಯ ಮದುವೆ ಇಲ್ಲದ ಮನೆಗಳಲ್ಲಿ ತಾಯಿಯ ತಮ್ಮ, ಗಂಡನ ತಂದೆ ಇಬ್ಬರೂ ಒಬ್ಬನೇ ಆಗುವ ಪ್ರಸಂಗವೇ ಬರುವುದಿಲ್ಲ. ಅಲ್ಲಿನವರ ಮನಸ್ಸಿನಲ್ಲಿ ‘ಮಾವ’ನಿಗೆ ಎರಡು ಅರ್ಥಗಳೇ ಇರುತ್ತವೆ ಎಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿದೆ. ನಗರದ ಬಹಳಷ್ಟು ಕುಟುಂಬಗಳಲ್ಲಿ ಮಕ್ಕಳು ತಾಯಿಯ ಸೋದರನನ್ನು ‘ಮಾಮ’ ಎನ್ನುತ್ತಾರೆ, ಬೆಳೆದು ಮದುವೆಯಾದ ಮೇಲೆ ಸಂಗಾತಿಯ ತಂದೆಯನ್ನು ‘ಮಾವ’ ಎನ್ನುತ್ತಾರೆ. ಒಂದೇ ಮೂಲದ ಎರಡು ರೂಪಗಳು ಎರಡು ಸ್ಥಾನಗಳನ್ನು ಹಂಚಿಕೊಂಡಿವೆ. ಆದರೆ ಈ ಹಂಚಿಕೆ ಯಾವ ಪ್ರದೇಶದಲ್ಲಿ, ಯಾವ ಸಮುದಾಯದಲ್ಲಿ, ಎಷ್ಟರಮಟ್ಟಿಗೆ ನಡೆದಿದೆ ಎಂಬುದನ್ನು ದಾಖಲಿಸದೆ ಇಡೀ ಕನ್ನಡಕ್ಕೆ ಎರಡು ಅರ್ಥಗಳನ್ನು ಹಂಚುವುದು ಆತುರದ ಕೆಲಸವಾದೀತು. ಉತ್ತರ ಕರ್ನಾಟಕದಲ್ಲಿ ಚಿಕ್ಕಪ್ಪನ ಜಾಗಕ್ಕೆ ‘ಕಾಕಾ’ ಬಂದು ಕೂತಿದ್ದಾನೆ. ಆ ಪದದಲ್ಲಿ ‘ಅಪ್ಪ’ನ ಸುಳಿವಿಲ್ಲ, ಆದರೂ ಕಾಕಾನ ಮಕ್ಕಳು ಅಣ್ಣತಮ್ಮಂದಿರಾಗಿಯೇ ಉಳಿದಿದ್ದಾರೆ. ಅಲ್ಲಿ ಪದ ಬದಲಾಗಿದೆ, ವ್ಯವಸ್ಥೆ ಉಳಿದಿದೆ. ಮಾಮ ಮಾವಂದಿರ ನಡುವೆ ನಡೆಯುತ್ತಿರುವುದು ಇದಕ್ಕೆ ವಿರುದ್ಧವಾದ ಚಲನೆ: ಪದ ಉಳಿದು ವ್ಯವಸ್ಥೆ ಸಡಿಲವಾಗುತ್ತಿದೆ.

ಉಪಭಾಷೆಗಳ ಕ್ಷೇತ್ರಕಾರ್ಯದಲ್ಲಿ ಬಳಸುವ ಪ್ರಶ್ನಾವಳಿಗಳು ಇಂಗ್ಲಿಷಿನ ಬಂಧುವಾಚಕಗಳ ಪಟ್ಟಿಯನ್ನು ಹಿಡಿದು, ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದರೆ ಈ ಚಲನೆ ಬಲೆಗೆ ಬೀಳುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಡಬ್ಲ್ಯು. ಎಚ್. ಆರ್. ರಿವರ್ಸ್ ನೀಲಗಿರಿಯ ತೋದರ ನಡುವೆ ವಂಶಾವಳಿಗಳನ್ನು ಬರೆದುಕೊಂಡು, ಆ ವಂಶಾವಳಿಯ ಒಬ್ಬೊಬ್ಬ ವ್ಯಕ್ತಿಯನ್ನೂ ತೋರಿಸಿ ಕೇಳುವ ವಿಧಾನವನ್ನು ಬಳಸಿದ್ದರು. ನಿಮ್ಮ ತಾಯಿಯ ತಮ್ಮನನ್ನು ಎದುರಿಗೆ ಏನೆಂದು ಕರೆಯುತ್ತೀರಿ, ಬೇರೆಯವರೊಡನೆ ಅವನ ವಿಚಾರ ಹೇಳುವಾಗ ಏನೆನ್ನುತ್ತೀರಿ, ಅವನ ಮಗಳನ್ನು ನಿಮ್ಮ ಮನೆಗೆ ತಂದುಕೊಂಡರೆ ಆ ಹೆಸರು ಬದಲಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಬೀದರಿನಲ್ಲಿಯೂ ಕೊಳ್ಳೇಗಾಲದಲ್ಲಿಯೂ ಕೇಳಿ ಬರೆದುಕೊಂಡರೆ, ‘ಮಾವ’ ಎಂಬ ಉಲ್ಲೇಖವನ್ನು ಹೊಸದಾಗಿ ಬರೆಯಲು ಬೇಕಾದ ಸಾಮಗ್ರಿಯ ಬಹುಪಾಲು ಕೈಗೆ ಬರುತ್ತದೆ.